ಒಂದೇ ಸಂಜೆ, ಎರಡು ಹಾಡಿನ ತಂಡ

"ಎರಡೂ ಏಳು ಗಂಟೆಗೇ ಶುರು," ಎಂದ ಮಿಲೂದ್, ಫೋನನ್ನು ಮಗಳ ಕಡೆ ತಿರುಗಿಸಿ. "ರಿಯಾಹ್ ತಂಡ ಬಂದರಿನ ಚೌಕದಲ್ಲಿ. ಕನಾದೀಲ್ ತಂಡ ಹಳೇ ಗಿರಣಿ ಮೈದಾನದಲ್ಲಿ. ಎರಡಕ್ಕೂ ಹೋಗ್ಬೇಕು ಅಂದ್ರೆ ನಿನ್ನನ್ನ ಎರಡು ಹೋಳು ಮಾಡ್ಬೇಕಾಗತ್ತೆ ನೋಡು."

ತೂದಾ ರೊಟ್ಟಿಯ ತುಂಡನ್ನು ಆಲಿವ್ ಎಣ್ಣೆಯಲ್ಲಿ ಅದ್ದಿದವಳು ಬಾಯಿಗಿಡುವುದನ್ನೇ ಮರೆತಳು. ಅಜ್ಜಿಯ ಕಾಲದ ತಂಡಗಳೆಲ್ಲ ಈ ವಾರ ಕಾಸಾಬ್ಲಾಂಕಾದಲ್ಲಿ ಮತ್ತೆ ಹಾಡಲಿದ್ದವು. ಅಪ್ಪನಿಗೆ ದಿನವೂ ಟ್ಯಾಕ್ಸಿ ಓಡಿಸುವ ಕೆಲಸ. ಇವತ್ತು ಒಂದು ಕಡೆ ಬಿಟ್ಟು ಬರುತ್ತೇನೆ, ಯಾವ ಕಡೆ ಎಂದು ನೀವೇ ಹೇಳಿ ಎಂದ.

ಅಜ್ಜಿ ತಾಮು ಪುದೀನಾ ಚಹಾ ಬಗ್ಗಿಸುತ್ತಿದ್ದಳು. "ಹುಡುಗಿಗೆ ಯಾವುದು ಬೇಕೋ ಅದು," ಎಂದಳು, ಲೋಟದಿಂದ ಕಣ್ಣೆತ್ತದೆ.

"ರಿಯಾಹ್," ಎಂದಳು ತೂದಾ ತಟ್ಟನೆ.

ಕಾರಣ ಯಾರೂ ಕೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಟ್ಟೆ ಒಗೆಯುವಾಗ ಅಮ್ಮ ಹಾಡುತ್ತಿದ್ದದ್ದು ರಿಯಾಹ್‌ನವರ ಹಾಡನ್ನೇ. ಅಮ್ಮ ಸ್ಪೇನಿಗೆ ಸ್ಟ್ರಾಬೆರಿ ಕೀಳಲು ಹೋಗಿದ್ದಳು. ಹಣ್ಣಿನ ಕಾಲ ಮುಗಿಯುವವರೆಗೂ ಬರುವಂತಿರಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದಳು. ಆದರೆ ಒಂದೇ ಕೋಣೆಯಲ್ಲಿ ಅಷ್ಟೊಂದು ಹೆಂಗಸರು ಮಲಗುವ ಕಡೆ ಅವಳು ಹಾಡುವುದಾದರೂ ಹೇಗೆ?

ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿ ಮೊಣಕೈಯಿಂದ ದಾರಿ ಮಾಡಿಕೊಂಡು ತೂದಾಳನ್ನು ಮುಂದಿನವರೆಗೂ ಎಳೆದುಕೊಂಡು ಹೋದಳು. ವೇದಿಕೆಯ ಮೇಲೆ ಬಂದವರೆಲ್ಲ ಮುದುಕರು. ಹಾಡುವವನ ಕೂದಲು ಇದ್ದಿಲಿನಷ್ಟು ಕಪ್ಪಗಿತ್ತು. "ಬಣ್ಣ ಹಾಕ್ಸಿದಾನೆ, ಬಡ್ಡಿಮಗ," ಎಂದು ಅಜ್ಜಿ ಪಿಸುಗುಟ್ಟಿದಳು. ತೂದಾಗೆ ನಗು ಬಂತು.

ನಾಲ್ಕನೆಯದೋ ಐದನೆಯದೋ ಅಮ್ಮ ಹಾಡುತ್ತಿದ್ದ ಅದೇ ಹಾಡು. ಮೊದಲ ಸಾಲಿಗೇ ಚೌಕವೆಲ್ಲ ಜೊತೆಗೆ ಹಾಡತೊಡಗಿತು. ತೂದಾ ಕಣ್ಣು ಮುಚ್ಚಿಕೊಂಡು ಕಾದಳು.

ಅಮ್ಮ ಬರಲಿಲ್ಲ.

ಹಾಡು ತುಂಬಾ ಜೋರಾಗಿತ್ತು, ತುಂಬಾ ಬೇಗ ಓಡುತ್ತಿತ್ತು. ಮೂರನೇ ಸಾಲು ಅಮ್ಮನಿಗೆ ಬರುತ್ತಿರಲಿಲ್ಲ. ಅಲ್ಲಿ ಅವಳು "ಊಂ ಊಂ" ಎನ್ನುತ್ತ ಅಂಗಿಯ ಕಾಲರನ್ನು ಗಸಗಸ ಉಜ್ಜುತ್ತಿದ್ದಳು. ಇಲ್ಲಿ ಮೂರನೇ ಸಾಲೂ ಇತ್ತು. ಎಲ್ಲರಿಗೂ ಬರುತ್ತಿತ್ತು. ಬರಬಾರದಿತ್ತು ಎಂದು ತೂದಾಗೆ ಅನಿಸಿತು.

ಕಣ್ಣು ಒರೆಸಿಕೊಂಡು ಪಕ್ಕಕ್ಕೆ ನೋಡಿದಳು. ಅಜ್ಜಿ ಚಪ್ಪಾಳೆ ತಟ್ಟುತ್ತಿದ್ದಳು, ಆದರೆ ಮುಖ ಮಾತ್ರ ಟ್ರಾಮ್ ದಾರಿಯ ಕಡೆಗಿತ್ತು. ಗಿರಣಿ ಮೈದಾನ ಇರುವುದು ಆ ಕಡೆಗೇ.

"ಅಜ್ಜೀ, ನಿಂಗೆ ಕನಾದೀಲ್ ನೋಡ್ಬೇಕಿತ್ತಾ?"

"ಬೇಕಿತ್ತು," ಎಂದಳು ಅಜ್ಜಿ.

"ಮತ್ತೆ ಮನೇಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮುಖ ಊದಿಸ್ಕೊಂಡು ಬರ್ತಿದ್ದೆ. ಊದಿದ ಮುಖ ಪಕ್ಕದಲ್ಲಿ ಇಟ್ಕೊಂಡು ಹಾಡು ಕೇಳಕ್ಕಾಗತ್ತಾ?"

ತೂದಾ ಅವಳ ಕೈ ಹಿಡಿದು ಎಳೆದಳು. ಈಗ ಹೋದರೂ ಏನು ಸಿಗುತ್ತದೆ, ಬಿಡು ಎಂದು ಅಜ್ಜಿ ಬಾಯಲ್ಲಿ ಹೇಳಿದಳಷ್ಟೇ. ಮಂಡಿನೋವಿನವಳು ಟ್ರಾಮ್ ಸ್ಟಾಪಿನವರೆಗೂ ನಡೆದ ವೇಗಕ್ಕೆ ತೂದಾ ಓಡಬೇಕಾಯಿತು.

ಗಿರಣಿ ಮೈದಾನ ಮುಟ್ಟಿದಾಗ ಕನಾದೀಲ್‌ನವರ ಹಾಡು ಇನ್ನೂ ನಡೆದಿತ್ತು. ಹಳಬರು ಇಬ್ಬರೇ, ಉಳಿದವರು ಅವರ ಮಕ್ಕಳ ವಯಸ್ಸಿನವರು. ಇನ್ನೊಂದೆರಡು ಹಾಡು ಬಾಕಿ ಇರಬಹುದು ಎಂದು ಪಕ್ಕದವರು ಹೇಳಿದರು. ಸದ್ಯ, ಬಂದೆವಲ್ಲ ಎಂದು ತೂದಾ ಉಸಿರು ಬಿಟ್ಟಳು.

ಆದರೆ ಅಜ್ಜಿ ವೇದಿಕೆಗೆ ಬೆನ್ನು ತಿರುಗಿಸಿ ನಿಂತಳು. ಜನರನ್ನು ನೋಡತೊಡಗಿದಳು. ಒಬ್ಬೊಬ್ಬರ ಮುಖವನ್ನೂ, ಅದರಲ್ಲೂ ಮುದುಕಿಯರ ಮುಖವನ್ನು.

"ಅಜ್ಜೀ, ಹಾಡೋರು ಆ ಕಡೆ ಇದಾರೆ."

"ಗೊತ್ತು."

ಆಮೇಲೆ, ಮುಖಗಳ ಮೇಲಿನ ಕಣ್ಣು ತೆಗೆಯದೆಯೇ, ಅಜ್ಜಿ ಗನ್ನೂಳ ಕತೆ ಹೇಳಿದಳು. ಗನ್ನೂ ಮತ್ತು ಅವಳು ಸಾರ್ಡಿನ್ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಒಂದೇ ಮೇಜಿನವರು. ಒಮ್ಮೆ ಕನಾದೀಲ್ ಬಂದಾಗ ಹೊಟ್ಟೆನೋವೆಂದು ಸುಳ್ಳು ಹೇಳಿ ಇಬ್ಬರೂ ಓಡಿ ಬಂದಿದ್ದರು. ಮೈಯೆಲ್ಲ ಮೀನಿನ ವಾಸನೆ. ಜನ ಮೂಗು ಮುಚ್ಚಿಕೊಂಡು ದೂರ ಸರಿದರು. "ಅದ್ರಿಂದ ಮುಂದೆ ಜಾಗ ಸಿಕ್ತು," ಎಂದಳು ಅಜ್ಜಿ. ಮುಂದೆ ಅವರ ತಗಡಿನ ಮನೆಗಳನ್ನು ಕೆಡವಿದರು. ಈ ಮನೆಯವರನ್ನು ಊರಿನ ಈ ತುದಿಗೆ, ಆ ಮನೆಯವರನ್ನು ಇನ್ನೆಲ್ಲಿಗೋ ಕಳಿಸಿದರು. ಆಗ ಫೋನ್ ಎಲ್ಲಿತ್ತು? ಮತ್ತೆ ಭೇಟಿಯೇ ಆಗಲಿಲ್ಲ.

"ಬದುಕಿದ್ರೆ ಇವತ್ತು ಬಂದೇ ಬರ್ತಾಳೆ ಅವಳು," ಎಂದಳು ಅಜ್ಜಿ.

ಅಜ್ಜಿ ಹಾಡು ಕೇಳುವ ಆಸೆಗೆ ಅಷ್ಟು ಬೇಗ ನಡೆದಳು ಎಂದು ತೂದಾ ಅಂದುಕೊಂಡಿದ್ದಳು. ಚೌಕದಲ್ಲಿ ತಾನು ಕಣ್ಣು ಮುಚ್ಚಿಕೊಂಡು ಕಾದದ್ದು ನೆನಪಾಯಿತು.

"ಹೇಗಿದ್ಳು ಅವಳು?"

"ಕುಳ್ಳಿ. ಕೆಂಪು ಕೆಂಪು ಕೆನ್ನೆ." ಅಜ್ಜಿ ನಿಲ್ಲಿಸಿದಳು. "ಈಗ ಹೇಗಿದಾಳೋ. ಕೆನ್ನೆ ಎಲ್ಲಿರತ್ತೆ? ಹಾಂ, ಎಡಗೈ ತೋರುಬೆರಳಿನ ತುದಿ ಇರ್ಲಿಲ್ಲ ಅವಳಿಗೆ. ಡಬ್ಬಿ ತಗಡು ಕೊಯ್ದಿತ್ತು."

ಅಷ್ಟರಲ್ಲಿ ವೇದಿಕೆಯ ಮೇಲೆ ತಮಟೆ ಜೋರಾಯಿತು. ಇದೇ ಕೊನೆಯ ಹಾಡು ಎಂದು ಯಾರೋ ಕೂಗಿ ಹೇಳಿದರು. ಮೈದಾನದ ತುಂಬ ಜನ ಕೈಗಳನ್ನು ಮೇಲೆತ್ತಿ ತಾಳ ಹಾಕತೊಡಗಿದರು. ಅಜ್ಜಿಯ ಮುಂದೆ ಬರೀ ತೋಳುಗಳು. ಮುಖಗಳು ಕಾಣದೆ ಅವಳು ತುದಿಗಾಲಿನಲ್ಲಿ ನಿಲ್ಲಲು ಒದ್ದಾಡಿದಳು.

ತೂದಾ ಲೈಟು ಕಂಬದ ಸಿಮೆಂಟು ಕಟ್ಟೆ ಹತ್ತಿದಳು. ಒಂದು ಕೈಯಿಂದ ಕಂಬವನ್ನು ತಬ್ಬಿಕೊಂಡಳು. ಅಲ್ಲಿಂದ ಮುಖಗಳು ಅಷ್ಟಾಗಿ ಕಾಣುತ್ತಿರಲಿಲ್ಲ, ಕೈಗಳು ಕಾಣುತ್ತಿದ್ದವು. ಗೋರಂಟಿ ಹಾಕಿದ ಕೈ, ಬಳೆ ತೊಟ್ಟ ಕೈ, ಸುಕ್ಕುಗಟ್ಟಿದ ಕೈ.

ಅವಳು ಎಡಗೈಗಳನ್ನು ಒಂದೊಂದಾಗಿ ನೋಡುತ್ತ ಬಂದಳು. ಈ ಹಾಡು ಬೇಗ ಮುಗಿಯದೇ ಇದ್ದರೆ ಸಾಕು ಎಂದುಕೊಂಡಳು.