ಲೋಟದ ಅಡಿಯ ಕೆಂಪು ಚುಕ್ಕಿ

“ಪ್ರಶ್ನೆ ನಾಲ್ಕು. ಜನ ನಿನ್ನಿಂದ ದೂರ ಕೂತ್ಕೋತಾರಾ? ಎಂದೂ ಇಲ್ಲ, ಆಗಾಗ, ಯಾವಾಗಲೂ?”

ಸರ್ವೇ ಅಕ್ಕ ಪೆನ್ನು ಹಿಡಿದು ಗಿಣಿಯ ಮುಖ ನೋಡಿದಳು. ಗಿಣಿ ತುಟಿ ಬಿಚ್ಚುವ ಮೊದಲೇ ಪಕ್ಕದ ಕುರ್ಚಿಯಿಂದ ಅತ್ತೆ ಬಾಯಿ ಹಾಕಿದಳು.

“ಎಂದೂ ಇಲ್ಲ ಅಂತ ಬರ್ಕೊಳ್ಳಮ್ಮಾ! ನಮ್ಮನೇಲಿ ಅಂಥದ್ದೆಲ್ಲ ಇಲ್ಲ.”

ಪಕ್ಕದ ಕುರ್ಚಿ ಅಂದರೆ ಅಷ್ಟೇನೂ ಪಕ್ಕವಲ್ಲ. ನಡುವೆ ಇನ್ನೆರಡು ಕುರ್ಚಿ ಹಾಕಬಹುದಿತ್ತು.

ಇದು ಕಟ್ಟುಕತೆಯಲ್ಲ, ಲೋಟದಾಣೆಗೂ ನಡೆದದ್ದು. ಯಾವ ಲೋಟ? ಬಂತು, ತಾಳಿ.

ಗಿಣಿಗೆ ಹದಿಮೂರು. ಯಾರ ದನಿಯನ್ನಾದರೂ ಹಾಗೆಹಾಗೇ ಆಡಿ ತೋರಿಸುತ್ತಾಳೆ, ಅದಕ್ಕೇ ಆ ಹೆಸರು. ಹುಟ್ಟಿದಾಗಿನಿಂದ ಅವಳ ರಕ್ತದಲ್ಲಿ ಎಚ್‌ಐವಿ ಇದೆ. ದಿನಾ ಮಾತ್ರೆ ನುಂಗುತ್ತಾಳೆ, ಓಟದಲ್ಲಿ ಕ್ಲಾಸಿಗೇ ಫಸ್ಟು. ಒಂದೇ ಲೋಟದಲ್ಲಿ ಕುಡಿದರೆ ಅದು ಅಂಟುವುದಿಲ್ಲ ಎಂದು ನರ್ಸಮ್ಮ ಮೂರು ಸಲ ಹೇಳಿದ್ದರು. ಮೂರು ಸಲವೂ ಅತ್ತೆ ಗಂಭೀರವಾಗಿ ತಲೆಯಾಡಿಸಿದ್ದಳು. ಆಮೇಲೆ ಮನೆಗೆ ಬಂದು, ಗಿಣಿಯ ಲೋಟದ ಅಡಿಗೆ ನೈಲ್ ಪಾಲಿಶ್‌ನಿಂದ ಕೆಂಪು ಚುಕ್ಕಿ ಇಟ್ಟು, ಅದನ್ನು ಕಿಟಕಿಯಲ್ಲಿ ಒಂಟಿಯಾಗಿ ಕೂರಿಸಿದ್ದಳು.

ಇಂಥ ಮಕ್ಕಳನ್ನು ಜನ ಎಷ್ಟು ದೂರ ಇಡುತ್ತಾರೆಂದು ಅಳೆಯಲು ಬಂದವಳು ಸರ್ವೇ ಅಕ್ಕ. ಅಳೆಯುವ ರೀತಿ ನೋಡಿ! ಬೆಕ್ಕನ್ನು ಎದುರು ಕೂರಿಸಿಕೊಂಡು ಇಲಿಯನ್ನು, “ನಿಂಗೇನಾದ್ರೂ ತೊಂದ್ರೆ ಇದ್ಯಾ?” ಎಂದು ಕೇಳಿದ ಹಾಗೆ.

ಹೀಗೇ ಹೋದರೆ ಕಾಗದದ ಮೇಲೆ ಈ ಮನೆ ಸ್ವರ್ಗವಾಗಿಬಿಡುತ್ತದೆ ಎಂದುಕೊಂಡಳು ಗಿಣಿ.

ಅತ್ತೆ ಟೀ ತಂದಳು. ಮೂರೂ ಒಂದೇ ಥರದ ಸ್ಟೀಲ್ ಲೋಟ. ಕಿಟಕಿಯ ಲೋಟವನ್ನು ಮರೆಯದೆ ಗಿಣಿಯ ಮುಂದಿಟ್ಟಳು.

“ಪ್ರಶ್ನೆ ಏಳು. ನಿನ್ನ ತಟ್ಟೆ, ಲೋಟ ಬೇರೆ ಇಡ್ತಾರಾ?”

“ಛೆ ಛೆ!” ಅತ್ತೆ ದೊಡ್ಡ ಗುಟುಕು ಎಳೆದಳು. “ಎಲ್ಲಾರ್ದೂ ಒಂದೇ!” ಎಂದು ಇನ್ನೊಂದು ಗುಟುಕು ಬಾಯಿಗೆ ತುಂಬಿಕೊಂಡಳು.

“ಹೌದಕ್ಕಾ, ಎಲ್ಲಾರ್ದೂ ಒಂದೇ. ಅಡಿ ನೋಡಿ ಬೇಕಾದ್ರೆ,” ಎಂದಳು ಗಿಣಿ.

ಅಕ್ಕ ತನ್ನ ಲೋಟ ಎತ್ತಿ ನೋಡಿದಳು. “ಅರೆ, ಕೆಂಪು ಚುಕ್ಕಿ! ಚೆನ್ನಾಗಿದೆ.”

ಅತ್ತೆಯ ಕಣ್ಣು ಅಲ್ಲೇ ನಿಂತಿತು. ಮೆಲ್ಲಗೆ ತನ್ನ ಲೋಟ ಎತ್ತಿದಳು. ಅಲ್ಲೂ ಕೆಂಪು ಚುಕ್ಕಿ! ಬೆಳಿಗ್ಗೆಯೇ ಗಿಣಿ ಪಾಲಿಶ್ ಬಾಟಲಿಯನ್ನು ಮನೆಯ ಲೋಟಗಳಿಗೆಲ್ಲ ಖಾಲಿ ಮಾಡಿದ್ದಳು. ಈಗ ಗಿಣಿಯ ಲೋಟ ಯಾವುದೆಂದು ಅತ್ತೆಗೂ ಗೊತ್ತಿಲ್ಲ.

ಪುರ್ರ್! ಬಾಯಲ್ಲಿದ್ದ ಟೀಯೆಲ್ಲ ಸರ್ವೇ ಕಾಗದದ ಮೇಲೆ.

“ಅಯ್ಯೋ, ಏನಾಯ್ತ್ರೀ?” ಎಂದಳು ಅಕ್ಕ.

ಉತ್ತರ ಬಂದದ್ದು ಅತ್ತೆಯ ದನಿಯಲ್ಲೇ. ಆದರೆ ಬಾಯಿ ಗಿಣಿಯದು. “ಏಯ್, ಚುಕ್ಕಿ ನೋಡ್ಕೊಂಡು ತಗೋ! ಬೇರೆಯವರ ಲೋಟ ಮುಟ್ಟಿದ್ರೆ ನೋಡು ಮತ್ತೆ!”

ಅಕ್ಕನಿಗೆ ಚುಕ್ಕಿಯ ಅರ್ಥ ಹೊಳೆಯಿತು. ಅವಳು ಅತ್ತೆಯನ್ನು ನೋಡಿದಳು, ಎರಡು ಕುರ್ಚಿ ಹಿಡಿಯುವ ಖಾಲಿ ಜಾಗವನ್ನು ನೋಡಿದಳು.

“ಹಹ್ಹಹ್ಹಾ!” ಅತ್ತೆ ನಕ್ಕಳು. “ತರ್ಲೆ ಹುಡುಗಿ! ಎಂಥಾ ತಮಾಷೆ ಮಾಡ್ತಾಳೆ ನೋಡಿ!”

ಗಿಣಿಗೂ ನಗು ಬಂತು. ಕುಡಿದಾಯಿತಲ್ಲ, ಏನೂ ಆಗಲಿಲ್ಲ ಅಂತ ಈಗಲಾದರೂ ಅತ್ತೆಗೆ ಗೊತ್ತಾಯಿತಲ್ಲ! ಆಗಲೇ ಅತ್ತೆಯ ಕೈ ಕಂಡಿತು. ಬಾಯಿ ನಗುತ್ತಿತ್ತು, ಕೈ ತುಟಿಯನ್ನು ಒರೆಸುತ್ತಿತ್ತು. ಮತ್ತೆ ಒರೆಸಿತು. ಮತ್ತೆ.

ಗಿಣಿಯ ನಗು ನಿಂತಿತು. ಅಕ್ಕನ ಕೈಯಿಂದ ಪೆನ್ನು ತೆಗೆದುಕೊಂಡು, ಒದ್ದೆಯಾದ ಕಾಗದದಲ್ಲಿ ಏಳನೇ ಪ್ರಶ್ನೆಯ ಮುಂದೆ ‘ಯಾವಾಗಲೂ’ ಎಂಬಲ್ಲಿ ತಾನೇ ಗುರುತು ಹಾಕಿದಳು.

ಅತ್ತೆಯ ನಗು ಇನ್ನೂ ಜೋರಾಯಿತು. ಗಿಣಿ ಪುಟವನ್ನು ಹಿಂದಕ್ಕೆ ಮಗುಚಿ ನಾಲ್ಕನೇ ಪ್ರಶ್ನೆ ಹುಡುಕತೊಡಗಿದಳು.