ಮೂರನೇ ಬಾಟಲಿ ಎಲ್ಲಿ?

೧೯೫೯ರ ಫೆಬ್ರವರಿಯ ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಬಿಟ್ಟಂಗಾಲದಲ್ಲಿ ಘೋರ ಅಪರಾಧವೊಂದು ಬೆಳಕಿಗೆ ಬಂತು. ಮೊಣ್ಣಪ್ಪನ ಜಗಲಿಯ ಮೇಜಿನ ಮೇಲಿದ್ದ ಮೂರು ಕಿತ್ತಳೆ ಷರಬತ್ತಿನ ಬಾಟಲಿಗಳಲ್ಲಿ ಒಂದು ಮಾಯವಾಗಿತ್ತು. ಕೊಡಗಿನಲ್ಲಿ ಬಾಟಲಿ ಖಾಲಿಯಾಗುವುದು ಸುದ್ದಿಯಲ್ಲ. ಕಾಣೆಯಾಗುವುದು ಸುದ್ದಿ.

ಮೊಣ್ಣಪ್ಪ ಷರಬತ್ತಿನ ಕಾರ್ಖಾನೆ ಹಾಕಲು ಹೊರಟಿದ್ದ. ಬಂಡವಾಳ ಹಾಕಬೇಕಾದವರು ಹುದಿಕೇರಿಯ ಕುಟ್ಟಪ್ಪ. ಅವರು ಒಲ್ಲೆನೆಂದರೆ ಕಾರ್ಖಾನೆಯೂ ಇಲ್ಲ, ಷರಬತ್ತೂ ಇಲ್ಲ. ಅವರು ಮೊದಲೇ ಹೇಳಿ ಕಳಿಸಿದ್ದರು: "ನಿನ್ನ ಸರಕಿನ ಪಕ್ಕದಲ್ಲೇ ಎದುರಾಳಿಗಳ ಸರಕನ್ನೂ ಇಡು. ನನಗೆ ಪೈಪೋಟಿಯೇ ಇಲ್ಲ ಅನ್ನುವವನ ಜೊತೆ ನಾನು ಪಾಲಿಗೆ ಬರೋದಿಲ್ಲ."

ಅದರಂತೆ ಇಟ್ಟಿದ್ದ. ತನ್ನದೊಂದು, ಮದರಾಸಿನದೊಂದು, ಕುಶಾಲನಗರದ ಸಿದ್ದರಾಜುವಿನದೊಂದು. ಕುಟ್ಟಪ್ಪ ಬಂದ ಮೇಲೆ ಎಲ್ಲರೂ ತೋಟ ಸುತ್ತಿ ಬರುವಷ್ಟರಲ್ಲಿ ಮೊಣ್ಣಪ್ಪನ ತಾಯಿ ಬೊಳ್ಳಮ್ಮ ಲೋಟಗಳಲ್ಲಿ ಷರಬತ್ತು ಬೆರೆಸಿ ಇಟ್ಟಿದ್ದರು. ಕುಟ್ಟಪ್ಪ ಎರಡು ಲೋಟ ಕುಡಿದರು. ಮೀಸೆ ಒರೆಸಿಕೊಂಡರು.

"ಭೇಷ್ ಮೊಣ್ಣಪ್ಪ! ಈಗ ಆ ಸಿದ್ದರಾಜುವಿನದನ್ನು ಕೊಡು, ಹೋಲಿಸಿ ನೋಡುವ."

ಆಗಲೇ ಗೊತ್ತಾದದ್ದು— ಅದು ಇಲ್ಲ.

"ಬಲವಾದ ಎದುರಾಳಿಯನ್ನೇ ಅಡಗಿಸಿಟ್ಟೆಯಾ?" ಕುಟ್ಟಪ್ಪ ಎದ್ದು ನಿಂತರು.

ಮೊಣ್ಣಪ್ಪನಿಗೆ ಏನೂ ಅನ್ನಿಸಲಿಲ್ಲ. ಕಾಲಿಗೆ ಹಿಡಿಯುವ ಜೋಮು ತಲೆಗೆ ಹಿಡಿದಂತಿತ್ತು. "ಇಲ್ಲಣ್ಣ" ಎಂದ. ಅದು ಅವನಿಗೇ ಸುಳ್ಳಿನಂತೆ ಕೇಳಿಸಿತು.

ಪಕ್ಕದ ತೋಟದ ಬೆಳ್ಯಪ್ಪ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು. ಊಟಕ್ಕೆಂದು ಬಂದಿದ್ದವರಿಗೆ ಕೆಲಸವೂ ಸಿಕ್ಕಿತು. ಮೊದಲು ಮೊಣ್ಣಪ್ಪನ ತೋಟದ ಲೆಕ್ಕ ಬರೆಯುವ ರೈಟರ್ ಧರ್ಮಪಾಲನನ್ನು ಕರೆದರು.

"ಆ ಬಾಟಲಿ ಕೊಂಡು ತಂದವನು ಯಾರು?"

"ನಾನೇ ಸಾರ್."

"ವಾಪಸು ಕೊಂಡು ಹೋದವನು?"

"ಅಯ್ಯೋ! ನಾನು ನಿಮ್ಮ ಜೊತೆಗೇ ತೋಟದಲ್ಲಿ ಇದ್ದೆ ಅಲ್ವಾ ಸಾರ್? ಕಾಲಿನ ಉಣ್ಣಿ ಕಿತ್ತು ಕೊಟ್ಟದ್ದು ಯಾರು?"

"ಅದೂ ಹೌದು." ಬೆಳ್ಯಪ್ಪ ಮೊಣ್ಣಪ್ಪನತ್ತ ತಿರುಗಿದರು. "ನಿನ್ನ ಷರಬತ್ತಿನ ಬಾಟಲಿ ಇನ್ನೆಷ್ಟು ಉಂಟು?"

"ಇದೊಂದೇ. ಹನ್ನೆರಡು ತುಂಬಿಸಿದ್ದೆ. ಹನ್ನೊಂದು... ಹುಳಿ ಬಂದು ಒಡೆದವು."

ಕುಟ್ಟಪ್ಪ ಕೆಮ್ಮಿದರು.

"ಎಲ್ಲರೂ ಇಲ್ಲದ ಬಾಟಲಿಯನ್ನೇ ನೋಡುತ್ತಿದ್ದೀರಿ," ಎಂದರು ಬೆಳ್ಯಪ್ಪ. "ಇರುವುದನ್ನು ನೋಡಿ. ಮೊಣ್ಣಪ್ಪನ ಬಾಟಲಿಯ ಬಾಯಿಗೆ ಹಾಕಿದ ಅರಗು ಹಾಗೇ ಉಂಟು. ಮದರಾಸಿನದನ್ನೂ ಯಾರೂ ಮುಟ್ಟಿಲ್ಲ. ಹಾಗಾದರೆ ಕುಟ್ಟಪ್ಪ ಕುಡಿದದ್ದು ಎಂತ?"

ಕುಟ್ಟಪ್ಪ ಖಾಲಿ ಲೋಟವನ್ನು ಎತ್ತಿ ಮೂಸಿ ನೋಡಿದರು.

"ಅಪರಾಧಿ ಅಡುಗೆಮನೆಯಲ್ಲಿದ್ದಾರೆ. ಬೊಳ್ಳಮ್ಮಕ್ಕ, ಯಾಕೆ ಹೀಗೆ ಮಾಡಿದಿರಿ?"

ಬೊಳ್ಳಮ್ಮ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

"ಮತ್ತೆಂತ ಮಾಡೋದು? ಮನೆಯಲ್ಲಿ ಹೊಸದಾಗಿ ಮಾಡಿದ್ದು. ಮನೆತನದ ಮೂಲಪುರುಷ ಗುರುಕಾರಣನಿಗೆ ಮೀದಿಯ ಎಡೆ ಇಡದೆ, ಹಿರಿಯರಿಗಿಂತ ಮೊದಲು ನೆಂಟರಿಗೆ ಕೊಡೋದುಂಟಾ? ಅಂಗಡಿಯದಕ್ಕೆ ಆ ಕಟ್ಟಳೆ ಇಲ್ಲ. ಹತ್ತಿರ ಇದ್ದದ್ದನ್ನು ಸುರಿದೆ. ಖಾಲಿ ಬಾಟಲಿ ತೊಳೆದು ಎಣ್ಣೆಗೆ ಇಟ್ಟಿದ್ದೇನೆ."

"ಅವ್ವಾ, ನನಗೊಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಿದೆಯಾ?"

ಮೊಣ್ಣಪ್ಪನ ಬಾಟಲಿಯ ಅರಗು ಒಡೆದು, ಮನೆಯೊಳಗಿನ ದೀಪದ ಮುಂದೆ ಹಿರಿಯರ ಪಾಲನ್ನು ಇಟ್ಟದ್ದಾಯಿತು. ನೆಂಟರಿಗೆ ಲೋಟ ತುಂಬಿದ್ದಾಯಿತು. ಕುಟ್ಟಪ್ಪ ಒಂದು ಗುಟುಕು ಕುಡಿದರು, ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಮೊಣ್ಣಪ್ಪನ ಬೆನ್ನು ತಟ್ಟಿದರು.

"ನೀನು ಸುಳ್ಳ ಅಲ್ಲ, ತಮ್ಮ. ಅದು ಗೊತ್ತಾಯಿತು." ಆಮೇಲೆ ಧರ್ಮಪಾಲನ ಕಡೆಗೆ ನೋಡಿದರು. "ಆ ಸಿದ್ದರಾಜುವಿನ ಅಂಗಡಿ ಎಲ್ಲಿ ಬರ್ತದೆ?"

ಕುಟ್ಟಪ್ಪನ ಬಂಡವಾಳ ಕುಶಾಲನಗರಕ್ಕೆ ಹೋಯಿತು.