ಚಂದ್ರನೂರಿನ ಹುಣಸೆಗೆ ಕಾವಲು

ಶಿವಲೀಲಾ ಅಂಗೈ ತೋರಿಸಿದ್ದೇ ತಡ, ಗಾಜಿನ ಬಾಗಿಲು ಸದ್ದಿಲ್ಲದೆ ಸರಿಯಿತು. ಚಂದ್ರನ ಮೇಲೆ ಕಟ್ಟಿದ ಊರಿನ ಒಂದೇ ಒಂದು ಹುಣಸೆಮರ ಒಳಗಿತ್ತು. ಪಂಪು ರಿಪೇರಿಯ ಶಿವಲೀಲಾ ದಿನವೂ ಹಾದುಹೋಗುವಾಗ ತಮಾಷೆಗೊಂದು ಕಾಯಿ ಕೇಳುವುದು, ಬಾಗಿಲು ಇಲ್ಲವೆನ್ನುವುದು ರೂಢಿಯಾಗಿತ್ತು. ಇವತ್ತು ತೆರೆಯಿತು. ತೆರೆದ ಮೇಲೆ ಬಿಡುವುದುಂಟೇ? ಹಸಿರು ಕಾಯೊಂದನ್ನು ಕಿತ್ತು, ಮುಖ ಕಿವುಚಿಕೊಂಡು ಕಚ್ಚುತ್ತಿದ್ದಾಗಲೇ ತೋಟದ ಮೇಲ್ವಿಚಾರಕ ಗುರುಬಸಪ್ಪ ಕಂಡುಬಿಟ್ಟ. ಊರಸಭೆಯವರನ್ನೆಲ್ಲ ಅಲ್ಲಿಗೇ ಕರೆಸಿದ.

ಅವನ ಸಿಟ್ಟೆಲ್ಲ ಶಾಲ್ಮಲಿಯ ಮೇಲೆ. ಬಾಗಿಲುಗಳಿಗೆ ಬುದ್ಧಿ ಕಲಿಸಿದ ಗಣಕತಜ್ಞೆ ಅವಳೇ. ಹಿಂದೆ ಪ್ರತಿ ಬಾಗಿಲಿಗೂ ಬೇರೆ ಬೀಗ, ಬೇರೆ ಕಟ್ಟಳೆ. ಅವನ್ನೆಲ್ಲ ತೆಗೆಸಿ, ಊರಿನ ಜಾಲದಲ್ಲಿ ಎಲ್ಲಕ್ಕೂ ತಾನೇ ತೀರ್ಪು ಕೊಡುವ ಒಂದೇ ‘ಸಾರ್ವತ್ರಿಕ ಕ್ರಿಯೆ’ಯನ್ನು ಅವಳು ನೆಲೆಗೊಳಿಸಿದ್ದಳು. ಬಾಗಿಲಾಗಲಿ ಕಡತವಾಗಲಿ, ಅದು ಕೇಳುವುದು ಇಷ್ಟೇ: ಯಾರು, ಯಾವುದನ್ನು, ಏನು ಮಾಡಬೇಕೆಂದಿದ್ದಾರೆ? ನಿಯಮಗಳು ನೂರಾರಿದ್ದರೂ ಸಂದರ್ಭಕ್ಕೆ ಅತಿ ಹತ್ತಿರದ್ದು ಗೆಲ್ಲುತ್ತದೆ. ಎರಡು ಸಮಸಮ ನಿಂತರೆ? ವಸ್ತುವಿನ ನಿಯಮಕ್ಕಿಂತ ಮನುಷ್ಯರ ನಿಯಮ ಮೊದಲು ಎಂದು ವಾರಗಟ್ಟಲೆ ತೂಗಿನೋಡಿ ನಿಶ್ಚಯಿಸಿದ್ದಳು. ಸಭೆ ಒಪ್ಪಿದ್ದು ಪರೀಕ್ಷೆಗೆ ಮಾತ್ರ. ತಪ್ಪು ಕಂಡರೆ ಮತ್ತೆ ಹಳೆಯ ಬೀಗಗಳೇ.

“ಮಾಗೋತನಕ ಯಾರೂ ಕೀಳಬಾರದು ಅಂತ ನಿನ್ನ ಕೈಲೆ ಬರಸೀನಿ,” ಎಂದ ಗುರುಬಸಪ್ಪ. “ಆಕೀ ಮಾರಿ ನೋಡಿ ಕರಗಿತೇನವ್ವಾ ನಿನ್ನ ಬಾಗಿಲು?”

ಬಾಗಿಲು ಯಾವ ನಿಯಮ ನೋಡಿ ತೆರೆಯಿತೆಂಬ ದಾಖಲೆಯನ್ನು ಶಾಲ್ಮಲಿ ತೆಗೆದಳು. ಅವನ ನಿಯಮ ಸರಿಯಾಗಿಯೇ ಇತ್ತು. ಅದನ್ನು ಸೋಲಿಸಿದ ನಿಯಮ ಕಂಡು ಅವಳ ಬೆರಳು ನಿಂತಿತು. ರಾಣಿಯ ಬಯಕೆ ತೀರಿಸಲು ರಾಜ ಬೆಟ್ಟ ಹತ್ತಿಳಿಯುವ ಕಥೆಗಳನ್ನು ಅಜ್ಜಿಯಿಂದ ಕೇಳುತ್ತ ಬೆಳೆದವಳು, ಬಸುರಿ ಕೇಳಿದ ತಿನಿಸಿಗೆ ಇಲ್ಲವೆನ್ನಬಾರದೆಂದು ಎಂದೋ ಬರೆದಿಟ್ಟಿದ್ದಳು. ಚಂದ್ರನ ಮೇಲೆ ಇದುವರೆಗೆ ಯಾರೂ ಬಸುರಿಯಾಗಿರಲಿಲ್ಲ. ಶಿವಲೀಲಾಳ ಬೆಳಗಿನ ರಕ್ತಪರೀಕ್ಷೆಯ ಫಲಿತಾಂಶ ವೈದ್ಯರ ಕಣ್ಣಿಗೆ ಬೀಳುವ ಮೊದಲೇ ಜಾಲದ ಮೂಲಕ ಬಾಗಿಲಿಗೆ ತಲುಪಿತ್ತು. ಗುಟ್ಟು ಕಾಯಲೆಂದು ಕಟ್ಟಿದ ಯಂತ್ರವೇ ಗುಟ್ಟು ಬಿಟ್ಟುಕೊಟ್ಟಿತ್ತು.

ಕಾರಣ ಹೇಳಿದರೆ ಶಾಲ್ಮಲಿಯ ವರ್ಷಗಳ ದುಡಿಮೆ ಉಳಿಯುತ್ತದೆ. ಆದರೆ ಆ ಸುದ್ದಿ ಶಿವಲೀಲಾಳದು.

“ಕಾರಣ ನಾ ಹೇಳೂದಿಲ್ಲರೀ,” ಎಂದಳು ಶಾಲ್ಮಲಿ. “ಹಳೇ ಬೀಗಾನ ಹಾಕಸ್ರಿ.” ಆಮೇಲೆ ಶಿವಲೀಲಾಳನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಉಸುರಿದಳು.

ಶಿವಲೀಲಾ ಕೈಯಲ್ಲಿದ್ದ ಅರ್ಧ ಕಾಯಿಯನ್ನು ನೋಡಿದಳು, ತನ್ನ ಹೊಟ್ಟೆಯನ್ನು ನೋಡಿಕೊಂಡಳು. ನಗು ತಡೆಯಲಾಗದೆ ಗೋಡೆಗೊರಗಿದಳು.

“ಬಾಗಿಲು ಕೆಟ್ಟಿಲ್ಲ ಬಸಪ್ಪಣ್ಣ. ನಾ ಬಸುರಿ ಅದೀನಂತ. ನನ್ನ ಗಂಡಗ ಇನ್ನೂ ಗೊತ್ತಿಲ್ಲ, ಯಾರೂ ಮುಂಚೆ ಹೋಗಿ ಹೇಳಬ್ಯಾಡ್ರಿ ಮತ್ತ.”

ಸಭೆಯವರು ಬೀಗದ ಮಾತು ಬಿಟ್ಟು ತೊಟ್ಟಿಲಿನ ಮಾತಿಗಿಳಿದರು. ಗುರುಬಸಪ್ಪ ಮಾತ್ರ ಮುಚ್ಚಿಕೊಂಡಿದ್ದ ಬಾಗಿಲ ಬಳಿ ಹೋದ. ಆಕೆಗೆ ಕಿತ್ತುಕೊಡಲು ಇನ್ನೊಂದು ಕಾಯಿ ಬೇಕೆಂದು ಕೇಳಿ ಅಂಗೈ ತೋರಿಸಿದ. ಬಾಗಿಲು ಅಲ್ಲಾಡಲಿಲ್ಲ; ಬರೆಸಿದವನಿಗೂ ನಿಯಮ ನಿಯಮವೇ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಮತ್ತೆ ತೋರಿಸಿದ. ಊಹೂಂ.

ಕೊನೆಗೆ ತುಸು ನಾಚಿಕೊಂಡೇ ತಿರುಗಿದ.

“ತಂಗೀ, ನೀನ ಬಾರವ್ವಾ. ಬರೂ ಮುಂದ ಒಂಚೂರು ಉಪ್ಪು-ಖಾರ ತಗೊಂಡು ಬಾ.”